ಎದುರುಸೊಲ್ಲು ಕೊಟ್ಟ ಗಿಟಾರ್

ನನಗೆ ಬ್ಲೂಸ್ ಹಾಡುಗಳ ಹುಚ್ಚು. ಅದರ ಚರಿತ್ರೆಯನ್ನು ಸಿಕ್ಕಸಿಕ್ಕವರ ತಲೆಗೆ ತುರುಕುವ ಹುಚ್ಚು ಅದಕ್ಕಿಂತ ದೊಡ್ಡದು. ಇಲ್ಲಿ ಗಲ್ಫಿನಲ್ಲಿ, ಮುಶೈರಿಬ್‌ನ ಆಫೀಸಿನಲ್ಲಿ ಚಹಾದ ಹೊತ್ತಿಗೆ ನಾನು ಬಾಯಿ ತೆರೆದರೆ ಸಾಕು, "ಯಲ್ಲಾ, ಹೊರಡುವ, ಮೀಟಿಂಗ್ ಉಂಟು" ಎಂದು ಎಲ್ಲರೂ ಏಳುತ್ತಿದ್ದರು. ಏಳಲಾಗದೆ ಕೇಳಿಸಿಕೊಂಡವರು ಒಬ್ಬರೇ: ಅಲ್ ಹಿಲಾಲ್‌ನ ನಮ್ಮ ಫ್ಲಾಟಿಗೆ ಅಡುಗೆಗೆ ಬರುತ್ತಿದ್ದ ಅಕ್ಕ. ನಮ್ಮ ಹಾಗೆ ತುಳುವರು, ನನಗಿಂತ ಹತ್ತು ವರ್ಷ ದೊಡ್ಡವರು.

ಒಂದು ಶುಕ್ರವಾರ ಬೆಳಿಗ್ಗೆ ಅವರು ನೀರುದೋಸೆ ಹೊಯ್ಯುತ್ತಿದ್ದಾಗ ನನ್ನ ಭಾಷಣ ಶುರುವಾಗಿತ್ತು. ಅಮೆರಿಕದ ಹತ್ತಿಹೊಲಗಳಲ್ಲಿ ಗುಲಾಮರು ದುಡಿಯುತ್ತಿದ್ದರು, ಒಬ್ಬ ಒಂದು ಸಾಲು ಕೂಗಿದರೆ ಉಳಿದವರು ತಿರುಗಿ ಕೂಗುತ್ತಿದ್ದರು. ಗುಲಾಮಗಿರಿ ಹೋಯಿತು, ಬಡತನ ಹೋಗಲಿಲ್ಲ. ಜನ ಕೆಲಸ ಹುಡುಕಿಕೊಂಡು ಚದುರಿದರು. ಒಂಟಿ ಹಾಡುಗಾರನಿಗೆ ತಿರುಗಿ ಹೇಳುವವರು ಯಾರು? ಗಿಟಾರ್. ಅವನು ಒಂದು ಸಾಲು ಹಾಡಿ ನಿಲ್ಲಿಸುತ್ತಾನೆ, ಗಿಟಾರ್ ಉತ್ತರ ಕೊಡುತ್ತದೆ. ಅದೇ ಬ್ಲೂಸ್. ಆಮೇಲೆ ಬಂದ ಜಾಝ್, ರಾಕ್ ಎಲ್ಲದರಲ್ಲೂ ಹರಿಯುವುದು ಅದರದ್ದೇ ರಕ್ತ.

"ಇದೆಂತ ದೊಡ್ಡ ಸಂಗತಿ ಮಾರಾಯ್ರೆ?" ಎಂದರು ಅಕ್ಕ, ಕಾವಲಿ ಮುಚ್ಚುತ್ತ. "ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ನಾವೂ ಹಾಗೆಯೇ ಅಲ್ವಾ? ನಾನು ಸೊಲ್ಲು ಎತ್ತುವುದು, ಸಾಲಿನವರು ಎದುರುಸೊಲ್ಲು ಕೊಡುವುದು. ಬೆನ್ನು ನೋಯುವುದು ಗೊತ್ತಾಗಬಾರದಲ್ಲ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹಾಡಿ ಅಕ್ಕ, ಈಗಲೇ ಹಾಡಿ ಎಂದು ದುಂಬಾಲು ಬಿದ್ದೆ. ಅವರು ಜಗ್ಗಲಿಲ್ಲ. "ಎದುರುಸೊಲ್ಲು ಕೊಡುವವರಿಲ್ಲದೆ ಹಾಡುವ ಕ್ರಮ ಇಲ್ಲ. ದೋಸೆ ತಣ್ಣಗಾಯ್ತು, ತಿನ್ನಿ."

ಕೆಲವು ತಿಂಗಳ ಮೇಲೆ ಅವರ ದನಿ ಒಡೆಯಿತು. ಶೀತ ಅಂದುಕೊಂಡಿದ್ದೆವು. ಶೀತವಲ್ಲ, ಗಂಟಲಲ್ಲಿ ಗಡ್ಡೆ. ಊರಿಗೆ ಹೋಗಿ ದನಿಪೆಟ್ಟಿಗೆಯನ್ನೇ ತೆಗೆಸಬೇಕು ಎಂದರು ಡಾಕ್ಟರು. ಅಂದು ಅಕ್ಕ ತಾವಾಗಿಯೇ ಕೇಳಿದರು: "ನನ್ನ ಹಾಡು ಒಮ್ಮೆ ಮೊಬೈಲಿಗೆ ಹಿಡಿದು ಮಗಳಿಗೆ ಕಳಿಸ್ತೀರಾ?"

ಮಗಳು ಅವರೊಡನೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಗಂಡ ಸತ್ತಾಗ ಅಕ್ಕ ಊರಿಗೆ ಹೋಗಲಿಲ್ಲ. ಆಗ ಕೆಲಸಕ್ಕಿದ್ದ ಮನೆಯವರು ರಜೆ ಕೊಡಲಿಲ್ಲ. ಹಣದಾಸೆಗೆ ಬರಲಿಲ್ಲ ಎಂದು ಮಗಳು ನಂಬಿದಳು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಚಿಕ್ಕವಳಿದ್ದಾಗ ಗದ್ದೆಯ ಸಾಲಿನಲ್ಲಿ ತಾಯಿಯ ಪಕ್ಕ ನಿಂತು ಎದುರುಸೊಲ್ಲು ಕೊಡುತ್ತಿದ್ದವಳು ಅವಳೇ.

ಅಕ್ಕ ಅಡುಗೆಮನೆಯ ನೆಲದ ಮೇಲೆ ಕುಳಿತು, ಅಂಗೈಯಿಂದ ನೆಲ ತಟ್ಟುತ್ತ ಹಾಡಿದರು. ಒಡಕು ದನಿ, ನಡುನಡುವೆ ಕೆಮ್ಮು. ಪ್ರತಿ ಸಾಲಿನ ಕೊನೆಗೂ ನಿಲ್ಲಿಸಿ ಕರೆದರು: "ಸೊಲ್ಲು ಕೊಡು ಮಗಳೇ. ನಾನು ಬೇಕಂತ ಬಾರದೆ ಇದ್ದದ್ದಲ್ಲ. ಸೊಲ್ಲು ಕೊಡು." ಅಯ್ಯೋ, ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ಕಾಲ ನಾನು ಬಾಯಿಪಾಠ ಒಪ್ಪಿಸಿದ್ದೆಲ್ಲ ನನ್ನ ಅಡುಗೆಮನೆಯಲ್ಲೇ ಕೂತು ಹಾಡುತ್ತಿತ್ತು.

ಅಷ್ಟು ಅತ್ತವನು ಆಮೇಲೆ ಮಾಡಿದ್ದೇನು? ಅಬು ಹಮೂರ್‌ನ ಸಭಾಂಗಣದಲ್ಲಿ ನಮ್ಮ ಊರಿನವರ ಕಾರ್ಯಕ್ರಮವಿತ್ತು. ಅಲ್ಲಿ 'ಕರಾವಳಿಯ ಬ್ಲೂಸ್' ಎಂದು ಇದನ್ನು ಕೇಳಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಚಪಲ ಹತ್ತಿತು. ಹಾಡುಗಾರ ಬಿಟ್ಟ ಜಾಗದಲ್ಲಿ ಗಿಟಾರ್ ಮಾತಾಡಬೇಕು, ಅದು ಬ್ಲೂಸಿನ ಕ್ರಮ. ಆದರೆ ಅಕ್ಕ ಜಾಗ ಬಿಟ್ಟಿರಲಿಲ್ಲ, ಅಲ್ಲೆಲ್ಲ ಮಗಳನ್ನು ಕರೆದಿದ್ದರು. ಕಂಪ್ಯೂಟರಿನಲ್ಲಿ ಕೂತು ಒಂದೊಂದೇ ಕರೆಯನ್ನು ಕತ್ತರಿಸಿದೆ. ಕೆಮ್ಮು, ಫ್ರಿಜ್ಜಿನ ಗುಂಯ್‌ಗುಡುವಿಕೆ, ಅಂಗೈ ಸದ್ದು ಎಲ್ಲ ತೆಗೆದೆ. ಖಾಲಿಯಾದ ಕಡೆಯೆಲ್ಲ ನನ್ನ ಗಿಟಾರ್ ತುಂಬಿದೆ. ಕಂಪ್ಯೂಟರಿನಲ್ಲಿ ಹಳೆಯದರ ಮೇಲೆಯೇ ಸೇವ್ ಮಾಡಿದೆ, ಮೊಬೈಲಿನಲ್ಲಿ ಜಾಗ ಸಾಲದೆಂದು ಅಲ್ಲಿದ್ದ ಮೂಲವನ್ನೂ ಅಳಿಸಿದೆ. ಖಲಾಸ್.

ಚಂದ ಮಾಡಿದ್ದನ್ನೇ ಮಗಳಿಗೂ ಕಳಿಸಿದೆ. "ಕಳಿಸಿದ್ರಾ?" ಎಂದು ಅಕ್ಕ ಕೇಳಿದರು. ಕಳಿಸಿದೆ, ನೀವೂ ಕೇಳಿ ಎಂದೆ. "ನನ್ನ ದನಿ ನನಗೆಂತಕ್ಕೆ?" ಎಂದು ನಕ್ಕರು. ಆ ವಾರವೇ ಊರಿಗೆ ಹೊರಟರು. ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. ನನ್ನ ಬುದ್ಧಿಗೆ ಮಣ್ಣು ಹಾಕ, ಎದ್ದು ಕೈಮುಗಿದೆ.

ಆಪರೇಷನ್ ಆಗಿ ಹತ್ತು ದಿನಕ್ಕೆ ಊರಿನಿಂದ ಫೋನ್ ಬಂತು. ಅಕ್ಕನ ಮಗಳು.

"ಆಸ್ಪತ್ರೆಯವರು ಕರೆದದ್ದಕ್ಕೆ ಬಂದೆ," ಎಂದಳು. "ಅಮ್ಮ ಸ್ಲೇಟಿನಲ್ಲಿ ಬರೆದು ತೋರಿಸ್ತಿದ್ದಾರೆ, 'ಹಾಡಿನಲ್ಲಿ ನಿನ್ನನ್ನು ಕರೆದಿದ್ದೇನೆ, ಯಾಕೆ ಬಾರದೆ ಇದ್ದದ್ದು ಅಂತಲೂ ಹೇಳಿದ್ದೇನೆ' ಅಂತ. ನಾನು ಎಷ್ಟು ಸಲ ಕೇಳಿದರೂ ಸಿಗ್ತಾ ಇಲ್ಲ. ಅದು ಎಲ್ಲಿ ಬರ್ತದೆ ಅಂಕಲ್?"

ಇದ್ದದ್ದನ್ನು ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

"ಅಮ್ಮ ಎಂತ ಹೇಳಿದ್ರು, ನೀವಾದ್ರೂ ಹೇಳಿ," ಎಂದಳು.

ನಾನು ಹೇಳಿದೆ. ಅಕ್ಕನ ಮಾತು, ನನ್ನ ದರಿದ್ರ ದನಿಯಲ್ಲಿ. ಮಗಳು ಬಿಕ್ಕಳಿಸುತ್ತಿದ್ದುದು ಕೇಳಿಸುತ್ತಿತ್ತು. ಅವಳ ಹಿಂದಿನಿಂದ, ಮಂಚದ ಕಬ್ಬಿಣಕ್ಕೆ ಯಾರೋ ಅಂಗೈಯಿಂದ ಒಂದೇ ಸಮ ತಟ್ಟುತ್ತಿದ್ದರು.