ಐದನೆಯ ಕೂಸು

ಚಮನ್ ಬೀ ಎಡಗೈಯನ್ನು ಯಾವತ್ತೂ ಪೂರ್ತಿ ಕೆಳಗೆ ಬಿಟ್ಟವಳಲ್ಲ. ನೀರಿನ ಕೊಡ, ಸಂತೆಯ ಚೀಲ, ಸೌದೆ, ಏನೇ ಇದ್ದರೂ ಬಲಗಡೆಗೇ. ಎಡಗೈ ಮಾತ್ರ ಮಗುವನ್ನು ಎತ್ತಿಕೊಂಡ ಹಾಗೆ ಸೊಂಟದ ಹತ್ತಿರ ಮಡಚಿಯೇ ಇರುತ್ತಿತ್ತು. ಮಗು ಇರಲಿಲ್ಲ. ರಾಂಪುರದ ಆಚೆಯ ಈ ಊರಿಗೆ ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಕೈ ಮುರಿದು ಸರಿಯಾಗಿ ಕೂಡಿಲ್ಲವೇನೋ ಅಂದುಕೊಂಡು ಅತ್ತೆಯನ್ನು ಕೇಳಿದೆ. ನಮ್ಮತ್ತೆ ಯರ್ರಮ್ಮ ಬಾಯಿ ಕಟ್ಟಿಕೊಂಡಿರುವ ಹೆಂಗಸಲ್ಲ. ಯಾರ ಮನೆಯ ಕೋಳಿ ಯಾರ ಹಿತ್ತಲಲ್ಲಿ ಮೊಟ್ಟೆಯಿಟ್ಟಿತು ಅನ್ನುವುದನ್ನೂ ಬಿಡದೆ ಹೇಳುವವರು. ಅವತ್ತು ಮಾತ್ರ "ಅದನ್ನೆಲ್ಲ ಕೇಳಬ್ಯಾಡ" ಅಂದು ಒಳಗೆ ಹೋದರು.

ಹೇಳಿದ್ದು ಪಕ್ಕದ ಮನೆಯ ಸಿದ್ದಕ್ಕ. ಚಮನ್ ಬೀ ಚಳ್ಳಕೆರೆಯ ಹುಡುಗಿ. ಗಂಡ ನೂರ್ ಅಹಮ್ಮದ್ ನಮ್ಮೂರ ಬಸ್ಸು ನಿಲ್ಲುವ ಜಾಗದಲ್ಲಿ ಸೈಕಲ್ ಶಾಪು ಇಟ್ಟುಕೊಂಡಿದ್ದ. ಮಕ್ಕಳಾಗುವುದೇ ಇಲ್ಲ ಅಂತ ಊರು ತೀರ್ಮಾನ ಮಾಡಿ ಮುಗಿಸಿದ ಮೇಲೆ ಆಯೇಷಾ ಹುಟ್ಟಿದಳು. ಒಂಬತ್ತು ತಿಂಗಳಿಗೆ ದಡಾರದ ಸೂಜಿ ಹಾಕಿಸಬೇಕು. ಗುರುವಾರ ಐಸ್ ಡಬ್ಬಿ ಹೊತ್ತು ನರ್ಸಮ್ಮ ಬಂದು ಪಂಚಾಯ್ತಿ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದರು. ಆ ಔಷಧದ ಶೀಸೆ ಒಮ್ಮೆ ಒಡೆದರೆ ಅವತ್ತೇ ಮುಗಿಯಬೇಕು, ಉಳಿದದ್ದು ಚೆಲ್ಲಬೇಕು. ಅದಕ್ಕೇ ಐದು ಮಕ್ಕಳಾದರೂ ಸೇರದೆ ಶೀಸೆ ಒಡೆಯುತ್ತಿರಲಿಲ್ಲ.

"ನಾಕು ಕೂಸು ಸೇರಿಸಿಕೊಂಡು ಬಾರಮ್ಮ, ಒಡೀತೀನಿ" ಅಂದಿದ್ದರಂತೆ ಆಗಿನ ನರ್ಸಮ್ಮ. ಚಮನ್ ಬೀ ಮನೆಮನೆ ತಿರುಗಿ, ಕೈ ಮೇಲೆ ಕೈ ಇಡಿಸಿ ನಾಲ್ಕು ಮನೆಯವರ ಮಾತು ತೆಗೆದುಕೊಂಡಳು. ಗುರುವಾರ ಬಂದವರು ಮೂವರು. ಒಬ್ಬರು ಬರಲೇ ಇಲ್ಲ. ಸಂಜೆಯವರೆಗೆ ಕಾದು ನರ್ಸಮ್ಮ ಡಬ್ಬಿ ಹೊತ್ತು ವಾಪಸ್ಸು ಹೋದರು. ಮುಂದಿನ ಗುರುವಾರ ಬರುವುದರೊಳಗೆ ಆಯೇಷಾಳ ಮೈತುಂಬ ದಡಾರ ಎದ್ದು, ಕೆಮ್ಮು ಎದೆಗಿಳಿಯಿತು. ಮೊಳಕಾಲ್ಮುರಿನ ಆಸ್ಪತ್ರೆಗೆಂದು ಬಸ್ಸು ಹತ್ತಿದರು. ಕೂಸು ಎಡಸೊಂಟದ ಮೇಲೆ ಮಲಗಿದೆ, ಎಬ್ಬಿಸಬೇಡಿ ಅಂತ ಚಮನ್ ಬೀ ಬಸ್ಸಿನವರಿಗೆಲ್ಲ ಹೇಳುತ್ತಿದ್ದಳಂತೆ. ಇಳಿಯುವಾಗಲೇ ಗೊತ್ತಾದದ್ದು.

"ಅವತ್ತು ಬರದೇ ಇದ್ದೋರು ಯಾರು?" ಅಂದೆ.

"ಅದನ್ನ ಅವಳು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ ಕಣವ್ವ" ಅಂದರು ಸಿದ್ದಕ್ಕ.

ಅಲ್ಲಿಂದಾಚೆ ಪ್ರತಿ ಬುಧವಾರ ಚಮನ್ ಬೀ ಊರು ಸುತ್ತುವುದು ತಪ್ಪಲಿಲ್ಲ. ಹಸುಗೂಸು ಇರುವ ಮನೆಯ ಬಾಗಿಲಿಗೆ ಬಂದು ಬಲಗೈ ಚಾಚುವಳು. "ನಾಳೆ ಬರ್ತೀರಾ? ಕೈ ಮೇಲೆ ಕೈ ಇಟ್ಟು ಹೇಳ್ರಿ." ಇಂಜೆಕ್ಷನ್ ಬೀಬಿ ಅಂತ ಹುಡುಗರು ಆಡಿಕೊಳ್ಳುತ್ತಿದ್ದರು. ನಾನೂ ನಕ್ಕವಳೇ. ನನ್ನ ನಗು ನಿಂತದ್ದು ನನಗೆ ಮಗಳು ಹುಟ್ಟಿದ ಮೇಲೆ. ಒಂದು ದಿನ ಬಾವಿಯ ಹತ್ತಿರ ಚಮನ್ ಬೀ ಎದುರಾದಳು. ನನ್ನ ಕಂಕುಳಲ್ಲಿದ್ದ ಮಗಳು ಅವಳ ಮುಖ ನೋಡಲಿಲ್ಲ. ಖಾಲಿ ಎಡಸೊಂಟವನ್ನೇ ನೋಡಿ ಕೇಕೆ ಹಾಕಿದಳು, ಕೂಸುಗಳು ಕೂಸುಗಳನ್ನು ಕಂಡಾಗ ಮಾಡುವ ಹಾಗೆ ಕೈ ಚಾಚಿದಳು. ನಾನು ಮಗಳನ್ನು ಅವಚಿಕೊಂಡು ಮನೆಗೆ ಓಡಿದೆ. ವಿಷಯ ತಿಳಿದ ಅತ್ತೆ ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. "ಅವಳ ಸೊಂಟದ ಮ್ಯಾಲೆ ಗಾಳಿ ಐತೆ. ಅವಳ ಜತೆ ನೀನು ಎಲ್ಲಿಗೂ ಹೋಗಂಗಿಲ್ಲ" ಅಂದರು. ಹಾಗೆಂದು ಒಲೆಗೆ ಇನ್ನೊಂದು ಹಿಡಿ ಉಪ್ಪು ಹಾಕಿದರು.

ತೊಂಬತ್ತೇಳನೇ ಇಸವಿ, ಯುಗಾದಿ ಕಳೆದಿತ್ತು. ಪಕ್ಕದ ಹಟ್ಟಿಯಲ್ಲಿ ದಡಾರ ಎದ್ದಿತು. ನನ್ನ ಮಗಳಿಗೆ ಆಗಷ್ಟೇ ಒಂಬತ್ತು ತಿಂಗಳು ತುಂಬಿತ್ತು. ಮೊಳಕಾಲ್ಮುರಿನ ಆಸ್ಪತ್ರೆ ತುಂಬ ಅದೇ ಕಾಯಿಲೆಯ ಮಕ್ಕಳು ಎಂಬ ಸುದ್ದಿ, ಅಲ್ಲಿಗೆ ಕರೆದೊಯ್ಯಲು ಧೈರ್ಯ ಬರಲಿಲ್ಲ. ಬುಧವಾರ ಚಮನ್ ಬೀ ನಮ್ಮ ಬಾಗಿಲಿಗೆ ಬಂದಳು.

"ನಿರ್ಮಲಾ, ನಾಕಾಗ್ಯಾವೆ. ನಿಂದು ಸೇರಿದ್ರೆ ಐದು. ಮಾತು ಕೊಡು."

ಒಳಗಿನಿಂದ ಅತ್ತೆ ಗಟ್ಟಿಯಾಗಿ ಕೆಮ್ಮಿದರು. ನಾನು ಅವಳ ಕೈ ಮೇಲೆ ಕೈ ಇಟ್ಟು "ಬರ್ತೀನಿ" ಅಂದೆ.

ಮಾರನೆಯ ದಿನ ಅತ್ತೆ ಕುರಿದೊಡ್ಡಿಯ ಕಡೆ ಹೋದದ್ದೇ ತಡ, ಹಿತ್ತಲ ಬಾಗಿಲಿಂದ ಹೊರಟೆ. ಕೋಣೆಯಲ್ಲಿ ನನ್ನ ಮಗಳೂ ಸೇರಿ ನಾಲ್ಕೇ ಕೂಸು. ಸಿದ್ದಕ್ಕನ ಮೊಮ್ಮಗನಿಗೆ ಜ್ವರ ಬಂದು ಬರಲಾಗಲಿಲ್ಲವಂತೆ. ನರ್ಸಮ್ಮ ಹೊಸಬಳು, ಚಿಕ್ಕ ವಯಸ್ಸು. "ನಾಲ್ಕೇ ಇದಾವೆ. ಮುಂದಿನ ಗುರುವಾರ ಬನ್ನಿ" ಅಂದು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು.

"ಐದು ಅದಾವೆ ನರ್ಸಮ್ಮ" ಅಂದಳು ಚಮನ್ ಬೀ.

"ಐದನೇದು ಎಲ್ಲಿ?"

ಚಮನ್ ಬೀ ಎಡಸೊಂಟವನ್ನು ಮುಂದಕ್ಕೆ ತಿರುಗಿಸಿ ನಿಂತಳು. "ಆಯೇಷಾ. ಒಂಬತ್ತು ತಿಂಗಳು."

ಒಬ್ಬ ತಾಯಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ನಿಂತಳು. ನನಗೂ ಭಯವಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಸೂಜಿಯಿಲ್ಲದೆ ಮಗಳನ್ನು ಮನೆಗೆ ಒಯ್ಯುವ ಭಯ ಅದಕ್ಕಿಂತ ದೊಡ್ಡದಾಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ನನ್ನನ್ನು ಎಳೆದುಕೊಂಡು ಹೋಗಲು ಬಿಸಿಲಲ್ಲಿ ಓಡಿಬಂದು ಏದುಸಿರು ಬಿಡುತ್ತಿದ್ದರು. ಮುಗಿಯಿತು ಅಂದುಕೊಂಡೆ.

ನರ್ಸಮ್ಮನಿಗೆ ಹಿರಿಯರೊಬ್ಬರು ಸಿಕ್ಕಿದ್ದೇ ಸಾಕಾಯಿತು. "ನೀವಾದ್ರೂ ಹೇಳಿ ಅಜ್ಜಿ. ಐದನೇ ಕೂಸು ಅಂತಾರೆ, ಎಲ್ಲಿದೆ?"

ಅತ್ತೆ ಚಮನ್ ಬೀಯ ಮಡಚಿದ ಕೈಯನ್ನು ನೋಡಿದರು. ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಅವಳ ಸೊಂಟದ ಮ್ಯಾಲೆ ಐತಲ್ಲಮ್ಮ, ಕಾಣ್ತಿಲ್ವಾ ನಿನಗೆ?" ಅಂದರು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದರು. "ಅವತ್ತೂ ಐದು ಆಗಬೇಕಿತ್ತು. ಅಮಾಸೆ ದಿನ ಸೂಜಿ ಬ್ಯಾಡ ಅಂತ ನಾನು ಮಗಳ ಕೂಸನ್ನ ಕರಕೊಂಡು ಬರಲಿಲ್ಲ. ಕೈ ಮ್ಯಾಲೆ ಕೈ ಇಟ್ಟು ಮಾತು ಕೊಟ್ಟಿದ್ದೆ. ಒಡಿಯವ್ವ, ಬಾಟ್ಲಿ ಒಡಿ."

ಚಮನ್ ಬೀ ತಿರುಗಿಯೂ ನೋಡಲಿಲ್ಲ. "ನಂಗೊತ್ತು ಯರ್ರಕ್ಕ" ಅಂದಳು, ಅಷ್ಟೇ.

ನರ್ಸಮ್ಮನಿಗೆ ಏನು ಅರ್ಥವಾಯಿತೋ, ಎಷ್ಟು ಹೆದರಿದಳೋ, ಶೀಸೆ ಒಡೆದಳು. ನಾಲ್ಕು ಮಕ್ಕಳೂ ಒಂದೊಂದಾಗಿ ಅತ್ತವು. ಎದ್ದು ನಿಂತಿದ್ದ ತಾಯಿಯೂ ತಿರುಗಿ ಕೂತು ತನ್ನದಕ್ಕೆ ಹಾಕಿಸಿಕೊಂಡಳು. ಕೊನೆಗೆ ಉಳಿದ ಔಷಧ ಕೈಯಲ್ಲಿ ಹಿಡಿದು ನರ್ಸಮ್ಮ ಏನು ಮಾಡಲಿ ಅನ್ನುವ ಹಾಗೆ ಚಮನ್ ಬೀಯನ್ನು ನೋಡಿದಳು.

"ಬ್ಯಾಡಮ್ಮ. ಮಲಗೈತೆ, ಎಬ್ಬಿಸಬ್ಯಾಡ" ಅಂದಳು ಚಮನ್ ಬೀ.

ಹೊರಗೆ ಬಿಸಿಲು ಸುಡುತ್ತಿತ್ತು. ಅತ್ತೆ ನನ್ನ ಕೈಯಿಂದ ಮಗಳನ್ನು ಎತ್ತಿಕೊಂಡರು. ಬೈಯುತ್ತಾರೆ ಅಂತ ಕಾದೆ, ಬೈಯಲಿಲ್ಲ. ಚಮನ್ ಬೀ ಎಂದಿನಂತೆ ಒಬ್ಬಳೇ ಮುಂದೆ ಹೊರಟಿದ್ದಳು. ಅತ್ತೆ ಬಿರಬಿರನೆ ನಡೆದು ಅವಳನ್ನು ಸೇರಿಕೊಂಡರು, ಅವಳ ಎಡಗಡೆಗೆ. ಅತ್ತೆಯ ಹೆಗಲ ಮೇಲಿದ್ದ ನನ್ನ ಮಗಳು ಅಳು ನಿಲ್ಲಿಸಿ ಆ ಕಡೆಗೇ ನೋಡುತ್ತಿದ್ದಳು.

"ಚಮನ್" ಅಂದರು ಅತ್ತೆ, "ಬಿಸಿಲು ನೋಡೇ ಹೆಂಗೈತೆ. ಕೂಸಿನ ತಲೆಗೆ ಸೆರಗು ಮುಚ್ಚು."

ಚಮನ್ ಬೀ ನಿಂತಳು. ಬಲಗೈಯಿಂದ ಸೆರಗೆಳೆದು, ಎಡಸೊಂಟದ ಮೇಲೆ ಮೆಲ್ಲಗೆ ಮುಚ್ಚಿದಳು.