ಗಾರೆಯಲ್ಲಿ ಒತ್ತಿದ ಹೆಬ್ಬೆಟ್ಟು

ಆ ಮಿಸ್ತ್ರಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಯಾರಾದರೂ 'ಪಾಪ, ಆ ವಯಸ್ಸಿನಲ್ಲಿ ತಪ್ಪು ನಡೆದುಹೋಗುತ್ತದೆ' ಎಂದು ನನ್ನನ್ನು ಕ್ಷಮಿಸುವುದು ಬೇಡ. ನಡೆದುಹೋದದ್ದಲ್ಲ, ನಾನು ಮಾಡಿದ್ದು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಕುರ್ಲಾದ ಚಾಳಿನ ಒಂದು ಖೋಲಿಯಲ್ಲಿ ನಾವು ಐದು ಜನ ಇದ್ದೆವು. ನಾನು ಧಾರವಾಡದ ಕಡೆಯವನು, ಮ್ಯಾಟ್ರಿಕ್ ಪಾಸು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಚೆನ್ನಾಗಿತ್ತು ಎಂಬ ಒಂದೇ ಬಲದ ಮೇಲೆ ಬೊರಿವಲಿಯ ಒಂದು ನರ್ಸರಿಯಲ್ಲಿ ಕೆಲಸ ಹಿಡಿದಿದ್ದೆ. ಮಾಲೀಕ ದೊಡ್ಡವರ ಬಂಗಲೆಗಳಿಗೆ ತೋಟ ಮಾಡಿಕೊಡುತ್ತಿದ್ದ. ನಕ್ಷೆ ನನ್ನದು, ಮೇಲ್ವಿಚಾರಣೆಯೂ ನನ್ನದು.

ಜುಹೂದಲ್ಲಿ ಬಟ್ಟೆ ವ್ಯಾಪಾರದ ಒಬ್ಬ ಸೇಠ್ ಬಂಗಲೆಯ ಹಿಂದೆ ಈಜುಕೊಳ ಕಟ್ಟಿಸಿದ್ದರು. ಕೊಳದ ಸುತ್ತ ಕಲ್ಲುಹಾಸಿನ ಫರಸಿ, ಅದರಾಚೆ ತೋಟ ಆಗಬೇಕಿತ್ತು. ಫೋರ್ಟಿನ ಫುಟ್‌ಪಾತಿನಲ್ಲಿ ಕೊಂಡ ಹಳೆಯ ವಿದೇಶಿ ಪತ್ರಿಕೆಯೊಂದರಲ್ಲಿ ಕೊಳದ ಮೇಲೆ ಕೆಂಪು ಎಲೆಯ ಮರಗಳು ಬಾಗಿರುವ ಚಿತ್ರ ನೋಡಿದ್ದೆ. ಆ ಮರ ಇಲ್ಲಿ ಬೆಳೆಯುವುದಿಲ್ಲ. ಅದರ ಜಾಗದಲ್ಲಿ ಗುಲ್‌ಮೊಹರ್ ಹಾಕಿ ಮೂರು ಬಣ್ಣದ ಪೆನ್ಸಿಲಿನಲ್ಲಿ ನಕ್ಷೆ ಬರೆದೆ. ಸೇಠಾಣಿಗೆ ಅದನ್ನು ತೋರಿಸಿದೆ. ಅವರು "ಬಹುತ್ ಸುಂದರ್" ಎಂದರು.

ಪಕ್ಕದಲ್ಲಿ ಕಲ್ಲು ಕಡಿಯುತ್ತಿದ್ದ ಮಿಸ್ತ್ರಿ ಎದ್ದು ಬಂದ. ಬಾಗಲಕೋಟೆ ಕಡೆಯವನು, ಫರಸಿ ಹಾಕುವುದರಲ್ಲಿ ಹೆಸರು ಮಾಡಿದವನು. ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಬಂಗಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿದ್ದ. ಹಿಂದಿಯಲ್ಲಿ ಅವನಿಗೆ ಪಾನಿ, ಸಿಮೆಂಟ್, ಜಲ್ದಿ ಇಷ್ಟೇ ಬರುತ್ತಿದ್ದುದು. ಅವನಿಗೂ ಸೇಠ್ ಮನೆಯವರಿಗೂ ನಡುವೆ ಮಾತು ದಾಟಿಸುವವನು ನಾನೇ.

"ಮ್ಯಾಟ್ರಿಕ್ ಸಾಹೇಬ್ರ, ಇವು ಗುಲ್‌ಮೊಹರ್ ಏನ್ರಿ?" ಎಂದ.

"ಹೌದು. ನಿನಗೇನು?"

"ಬ್ಯಾಸಗ್ಯಾಗ ಇದರ ಹೂವು, ತೌಡಿನಂಥ ಎಲಿ, ಎಲ್ಲಾ ನೀರಾಗ ಬೀಳತಾವಲ್ರಿ. ಈಜೋರು ಯಾರು? ಎಮ್ಮಿ ಬಿಡತೀರೇನು?"

ನಾನು ಇದನ್ನು ಸೇಠಾಣಿಗೆ ಹೇಳಲಿಲ್ಲ. ಹೇಳುವುದಿಲ್ಲವೆಂದು ಅವನಿಗೂ ಗೊತ್ತಾಯಿತು. ಕಾಂಪೌಂಡಿನಾಚೆಯ ಮರದಿಂದ ಒಂದು ಟೊಂಗೆ ಮುರಿದು ತಂದು, ನೀರಿನ ಬಕೀಟಿನ ಮೇಲೆ ಎಲೆ ಉದುರಿಸಿದ. ಆಮೇಲೆ ಅದರಲ್ಲಿ ಮುಖ ಅದ್ದಿ, ಈಜುವವನಂತೆ ಎರಡೂ ಕೈ ಬೀಸಿ, ತಲೆ ಎತ್ತಿ ಥೂ ಥೂ ಎಂದು ಉಗುಳಿದ. ಮೀಸೆಯ ತುಂಬ ಎಲೆ. ಸೇಠಾಣಿ ಹೊಟ್ಟೆ ಹಿಡಿದು ನಕ್ಕರು. ಅಡುಗೆಯವನೂ ನಕ್ಕ, ಡ್ರೈವರೂ ನಕ್ಕ. ಸೇಠಾಣಿ ನನ್ನ ಪೆನ್ಸಿಲನ್ನೇ ತೆಗೆದುಕೊಂಡು ಗುಲ್‌ಮೊಹರುಗಳ ಮೇಲೆ ಅಡ್ಡಗೀಟು ಎಳೆದರು.

ಅಂದಿನಿಂದ ಅವನ ಕೆಮ್ಮು ಕೇಳಿದರೂ ನನಗೆ ಮೈ ಉರಿಯುತ್ತಿತ್ತು. ಪಾತಿಗೆಂದು ತಂದ ಕೆಂಪು ಮಣ್ಣನ್ನು ಬೇಕೆಂದೇ ಅವನ ಕಲ್ಲಿನ ಮೇಲೆ ಸುರಿಸಿದೆ. ಅವನು ನನ್ನ ಕ್ರೋಟನ್ ಕುಂಡಗಳಲ್ಲಿ ಎಲೆ ಅಡಿಕೆ ಉಗುಳಿದ. "ಕಲ್ಲು ಹೊರೋ ಮಂದಿಗೆ ಏನು ತಿಳೀತದ" ಎಂದು ನಾನು ಗೊಣಗಿದರೆ, "ಬಣ್ಣದ ಪೆನ್ಸಿಲ್ ಹುಡುಗ್ರ ಕೈಯಾಗ ಇರಬೇಕ್ರಿ" ಎಂದು ಅವನು ಗಟ್ಟಿಯಾಗಿಯೇ ಹೇಳುತ್ತಿದ್ದ.

ಸೇಠ್ ಅವನಿಗೊಂದು ಮಾತು ಕೊಟ್ಟಿದ್ದರು. ಫರಸಿಯ ಮೇಲೆ ಬಿದ್ದ ನೀರು ಒಂದು ಹನಿಯೂ ಕೊಳಕ್ಕೆ ಇಳಿಯದೆ ತೋಟದ ಕಡೆ ಹರಿದುಹೋದರೆ, ಬೊರಿವಲಿಯಲ್ಲಿ ತಾವು ಕಟ್ಟಿಸುತ್ತಿರುವ ಬಿಲ್ಡಿಂಗಿನ ಫರಸಿಯೆಲ್ಲ ಅವನಿಗೇ. ಎರಡು ವರ್ಷದ ಕೆಲಸ. ಆ ಮಾತನ್ನು ಅವನಿಗೆ ಕನ್ನಡದಲ್ಲಿ ಹೇಳಿದವನೂ ನಾನೇ. ಅವನ ಹೆಂಡತಿ ಗಾರೆಯ ಬುಟ್ಟಿ ಇಳಿಸಿ, "ಎರಡು ವರ್ಷ ಒಂದ ಕಡೆ ಅಂದ್ರ ಹುಡುಗ್ಯಾರನ್ನ ಸಾಲಿಗೆ ಹಾಕಬಹುದಲ್ರಿ, ಅಣ್ಣಾರ?" ಎಂದು ನನ್ನನ್ನೇ ಕೇಳಿದಳು. ಹಾಕಬಹುದು ಎಂದೆ.

ಅವನದೊಂದು ಪದ್ಧತಿ ಇತ್ತು. ಕಲ್ಲು ಹಾಸುವ ಮೊದಲು ಕೊಳದ ಅಂಚಿನಲ್ಲಿ ಎತ್ತರಕ್ಕೆ, ತೋಟದ ಅಂಚಿನಲ್ಲಿ ಒಂದು ಬೆರಳು ತಗ್ಗಿಗೆ, ಗಾರೆಯ ಮುದ್ದೆಯ ಮೇಲೆ ಗುರುತಿನ ಕಲ್ಲು ಕೂರಿಸುತ್ತಿದ್ದ. ಉದ್ದನೆಯ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿ, ಸರಿ ಎನಿಸಿದ ಮೇಲೆ ಹಸಿ ಗಾರೆಗೆ ಹೆಬ್ಬೆಟ್ಟು ಒತ್ತುತ್ತಿದ್ದ. ಹೆಬ್ಬೆಟ್ಟು ಬಿದ್ದ ಗುರುತನ್ನು ಮತ್ತೆ ಅಳೆಯುತ್ತಿರಲಿಲ್ಲ. "ನಮ್ಮಪ್ಪ ಅಳೀಲಿಲ್ಲ, ನಾನೂ ಅಳಿಯೂದಿಲ್ಲ. ಒತ್ತಿದ ಮ್ಯಾಲ ಮತ್ತ ಅಳದ್ರ ನನ್ನ ಕೈಮ್ಯಾಗ ನನಗ ನಂಬಿಗಿಲ್ಲ ಅಂದಂಗ" ಎನ್ನುತ್ತಿದ್ದ. ಅವನ ಜಂಬಕ್ಕೆ ಅದೇ ಕಂಬ.

ಒಂದು ಮಧ್ಯಾಹ್ನ ಅವರೆಲ್ಲ ಶೆಡ್ಡಿನಲ್ಲಿ ಊಟಕ್ಕೆ ಕೂತಿದ್ದಾಗ, ಕೊಳದ ಆಚೆ ಬದಿಯ ತೋಟದಂಚಿನ ಎರಡು ಗುರುತಿನ ಕಲ್ಲುಗಳನ್ನು ಸಸಿ ನೆಡುವ ನನ್ನ ಖುರ್ಪಿಯಿಂದ ಎಬ್ಬಿಸಿದೆ. ಅಡಿಗೆ ಎರಡು ಬೆರಳು ಹೊಸ ಗಾರೆ ಹಾಕಿ ಮತ್ತೆ ಕೂರಿಸಿದೆ. ಅವನು ಒತ್ತಿದ ಜಾಗದಲ್ಲಿ ನನ್ನ ಹೆಬ್ಬೆಟ್ಟು ಒತ್ತಿದೆ.

ಅವನು ಬಂದು, ಗುರುತು ಇದೆ ಎಂದಷ್ಟೇ ಮೇಲಿಂದ ನೋಡಿ, ದಾರ ಕಟ್ಟಿ ಕಲ್ಲು ಹಾಸತೊಡಗಿದ. ಅವನ ಹೆಂಡತಿಗೆ ಏನೋ ಅನುಮಾನ ಬಂತು. "ಯಾಕೋ ಈ ಕಡೆ ಗಾರಿ ಭಾಳ ಹಿಡೀಲಿಕ್ಕತ್ತೈತಿ. ಒಮ್ಮಿ ಪೈಪ್ ಹಿಡದ ನೋಡ್ರಿ."

"ಹೆಬ್ಬೆಟ್ಟ ಒತ್ತೇನಿ. ಸುಮ್ಮ ಹಾಕು."

ನಾನು ಹತ್ತು ಹೆಜ್ಜೆ ದೂರದಲ್ಲಿ ಮಲ್ಲಿಗೆಯ ಸಸಿ ನೆಡುತ್ತಿದ್ದೆ. ಆ ಜಗಳ ಕೇಳಿ ಖುಷಿಯಾಯಿತು. ಅದನ್ನೂ ಬರೆಯಬೇಕು.

ಕೆಲಸ ಮುಗಿದು ಗಾರೆ ಒಣಗಿದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಸೇಠ್ ತಾವೇ ಪೈಪು ಹಿಡಿದು ಫರಸಿಯ ಮೇಲೆ ನೀರು ಬಿಟ್ಟರು. ಮಿಸ್ತ್ರಿ ತಲೆಗೆ ಒಗೆದ ರುಮಾಲು ಸುತ್ತಿಕೊಂಡು ನಿಂತಿದ್ದ. ಮೂರು ಬದಿಯಲ್ಲಿ ನೀರು ತೋಟಕ್ಕೆ ಓಡಿತು. ನಾಲ್ಕನೆಯ ಬದಿಯಲ್ಲಿ ಒಂದು ಗಳಿಗೆ ನಿಂತು, ಹಿಂದಕ್ಕೆ ತಿರುಗಿ, ನನ್ನ ಪಾತಿಯ ಕೆಂಪು ಮಣ್ಣನ್ನೂ ಎಳೆದುಕೊಂಡು ಕೊಳಕ್ಕೆ ಇಳಿಯಿತು. ನೀಲಿ ಟೈಲುಗಳ ಮೇಲೆ ಕೆಸರಿನ ಪಟ್ಟೆ ಮೂಡಿತು. ಸೇಠ್ ಪೈಪು ಎಸೆದು ಬೈಯತೊಡಗಿದರು. ಆ ಬೈಗುಳಕ್ಕೆ ಅನುವಾದ ಬೇಕಿರಲಿಲ್ಲ.

ಮಿಸ್ತ್ರಿ ಹಾರೆ ತಂದು ಮೂಲೆಯ ಕಲ್ಲನ್ನು ಎಬ್ಬಿಸಿದ. ಗಾರೆ ಕೆರೆದ. ಮೊಣಕಾಲೂರಿ ಅಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ಬಹಳ ಹೊತ್ತು ನೋಡಿದ. ಅವನ ಬಲಗೈ ಹೆಬ್ಬೆಟ್ಟು ಸುತ್ತಿಗೆ ಏಟಿಗೆ ಚಪ್ಪಟೆಯಾಗಿ, ಅಗಲವಾಗಿ, ನಡುವೆ ಸೀಳಿತ್ತು. ಗಾರೆಯಲ್ಲಿದ್ದದ್ದು ಸಣ್ಣ, ನುಣುಪು ಹೆಬ್ಬೆಟ್ಟು.

ಎದ್ದು ಬಂದವನೇ ನನ್ನ ಬಲಗೈ ಹಿಡಿದು ಎಳೆದ. ನನ್ನನ್ನು ಬಗ್ಗಿಸಿ ಹೆಬ್ಬೆಟ್ಟನ್ನು ಆ ಕುಳಿಗೆ ಒತ್ತಿದ. ಸರಿಯಾಗಿ ಕೂತಿತು.

"ನೋಡ್ರಿ ಸೇಟಜಿ! ಇದು ನನ್ನ ಹೆಬ್ಬೆಟ್ಟಲ್ಲ. ಈ ಮನಿಷಾ ನನ್ನ ಗುರುತ ಎತ್ತಿಟ್ಟಾನ. ಲೇ, ಹೇಳು! ನಾ ಅಂದದ್ದು ಅಂದಂಗ ಹೇಳು ಅವ್ರಿಗೆ!"

ಸೇಠ್ ನನ್ನನ್ನು ಕೇಳಿದರು: "ಕ್ಯಾ ಬೋಲ್ತಾ ಹೈ?"

ಅವನು ನನ್ನ ಕೈ ಬಿಟ್ಟಿರಲಿಲ್ಲ. ದೂರದಿಂದ ನೋಡಿದವರಿಗೆ ಬೇಡಿಕೊಳ್ಳುವವನ ಹಾಗೆಯೇ ಕಾಣುತ್ತಿತ್ತು. ಹಿಂದಿಯಲ್ಲಿ ನಾನು ಹೇಳಿದ್ದು ಇದು: "ತಪ್ಪಾಯಿತು ಎನ್ನುತ್ತಿದ್ದಾನೆ, ಸೇಠ್. ಬೊರಿವಲಿ ಕೆಲಸ ಕೊಡಿ, ಇನ್ನು ಹೀಗೆ ಮಾಡುವುದಿಲ್ಲ ಅಂತ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಕೊಡುತ್ತಾನಂತೆ."

ಸೇಠ್ ನಕ್ಕುಬಿಟ್ಟರು. ಆ ನಗುವನ್ನು ನೋಡಿ ಮಿಸ್ತ್ರಿಯ ಮುಖ ಅರಳಿತು. ತನ್ನ ಮಾತು ಮುಟ್ಟಿತು, ನಿಜ ತಿಳಿಯಿತು ಎಂದುಕೊಂಡನೋ ಏನೋ, ಅವನೂ ಸ್ವಲ್ಪ ನಕ್ಕ. ಅಷ್ಟರಲ್ಲಿ ಸೇಠ್ ಗೇಟಿನ ಕಡೆ ಕೈ ತೋರಿಸಿದರು.

ಸಂಜೆಯೊಳಗೆ ಶೆಡ್ಡು ಖಾಲಿಯಾಯಿತು. ಆ ಬದಿಯನ್ನು ಬೇರೆಯವರು ಕಿತ್ತು ಮತ್ತೆ ಹಾಸಿದರು. ನಾನು ಸೇಠಾಣಿಯ ಮನವೊಲಿಸಿ ಗುಲ್‌ಮೊಹರುಗಳನ್ನು ನೆಡಿಸಿದೆ. ದೊಡ್ಡ ಗಿಡಗಳನ್ನೇ ಬುಡದ ಮಣ್ಣಿನ ಸಮೇತ ತಂದದ್ದು. ಕೆಲವು ಬೇಸಿಗೆಗಳಲ್ಲೇ ಅವು ಕೊಳದ ಮೇಲೆ ಬಾಗಿದವು, ಪತ್ರಿಕೆಯ ಚಿತ್ರದಂತೆಯೇ. ಮೇ ತಿಂಗಳಲ್ಲಿ ನೀರಿನ ಮೇಲೆ ಎಲೆಯ ಪುಡಿ ಕೆನೆಗಟ್ಟುತ್ತಿತ್ತು. ಬಿದಿರಿಗೆ ಕಟ್ಟಿದ ಬಲೆಯಿಂದ ಅದನ್ನು ಎತ್ತಿಸಲು ನಾನು ವಾರಕ್ಕೆ ಮೂರು ಸಲ ಹೋಗಬೇಕಾಯಿತು. ಕೊನೆಗೆ ಸೇಠ್ ಮನೆಯವರು ಈಜುವುದನ್ನೇ ಬಿಟ್ಟರು.

ಮಿಸ್ತ್ರಿಯನ್ನು ಮತ್ತೆ ನೋಡಲಿಲ್ಲ. ಅವನ ಹೆಂಡತಿಯನ್ನು ನೋಡಿದೆ, ಆ ಭಾನುವಾರ ಕಳೆದು ಎರಡು ವರ್ಷದ ಮೇಲೆ, ಕುರ್ಲಾ ಸ್ಟೇಷನ್ನಿನಲ್ಲಿ. ಬುಟ್ಟಿ ಹೊತ್ತಿದ್ದಳು. ದೊಡ್ಡ ಮಗಳ ತಲೆಯ ಮೇಲೂ ಒಂದು ಬುಟ್ಟಿ ಇತ್ತು. ನಾನು ಮುಖ ತಿರುಗಿಸುವ ಮೊದಲೇ ಎದುರಿಗೆ ಬಂದು ನಿಂತಳು.

"ಅಣ್ಣಾರ, ಆವತ್ತ ನಮ್ಮವ್ರು ಅಂದದ್ದನ್ನ ಸೇಟಜಿಗೆ ಏನಂತ ಹೇಳಿದ್ರಿ?"

"ಅವ ಏನಂದನೋ ಅದನ್ನೇ ಹೇಳಿದೆ."

"ಹಂಗಾರ ಸೇಟಜಿ ನಕ್ಕದ್ದ್ಯಾಕ್ರಿ? ನಮ್ಮವ್ರು ಊರಿಗೆ ಹೋಗಿ ಕುಂತಾರ. ಇದನ್ನ ಒಂದ ಕೇಳತಾರ. ಆ ಮನಿಷಾ ನಕ್ಕದ್ದ್ಯಾಕ ಅಂತ."

ಲೋಕಲ್ ಬಂತು. ಎತ್ತ ಹೋಗುವುದೆಂದು ನೋಡದೆ ಹತ್ತಿಬಿಟ್ಟೆ. ಬಾಗಿಲಿನ ಕಂಬ ಹಿಡಿದು ತಿರುಗಿ ನೋಡಿದಾಗ ಆಕೆ ಇನ್ನೂ ಉತ್ತರಕ್ಕೆ ಕಾಯುವವಳಂತೆ ನಿಂತಿದ್ದಳು.

ಉತ್ತರವನ್ನು ಈಗ ಬರೆದಿದ್ದೇನೆ. ಅವರಿಬ್ಬರಿಗೂ ಓದಲು ಬರುತ್ತಿರಲಿಲ್ಲ, ಅದು ನನಗೆ ಗೊತ್ತು. ಗೊತ್ತಿದ್ದುದರಿಂದಲೇ ಬರೆಯುವ ಧೈರ್ಯ ಬಂತೋ ಏನೋ.