ಟೈಲರಮ್ಮ ಏಣಿ ಹತ್ತಿದ ಕಥೆ

ನಮ್ಮ ಓಣಿಯ ಟೈಲರಮ್ಮನ ಕೈಗೆ ಬಟ್ಟೆ ಕೊಟ್ಟರೆ ಅಳತೆ ತಪ್ಪುವ ಮಾತೇ ಇರಲಿಲ್ಲ. ತಪ್ಪಿದ್ದು ಒಂದೇ ಸಲ, ಅದೂ ಬಣ್ಣದಲ್ಲಿ. ಬ್ಯಾಂಡ್ ಮೇಷ್ಟ್ರಿಗೆ ಅವಳು ಹೊಲಿದುಕೊಟ್ಟ ಪ್ಯಾಂಟಿನ ಒಂದು ಕಾಲು ಕಪ್ಪು, ಇನ್ನೊಂದು ಕಡುನೀಲಿ. ಎರಡು ಬಟ್ಟೆಗಳೂ ಮೇಜಿನ ಮೇಲೆ ಒಟ್ಟಿಗೇ ಬಿದ್ದಿದ್ದವು. ಅವಳ ಹೊಲಿಗೆ ಕೋಣೆಯ ಮಂಕು ಬಲ್ಬಿನಡಿ ಅವಳಿ ಮಕ್ಕಳಂತೆ ಕಂಡಿದ್ದವು. ಮೇಷ್ಟ್ರು ಪ್ಯಾಂಟು ತೊಟ್ಟು ಬೀದಿಗಿಳಿದವರು ಬಿಸಿಲಲ್ಲಿ ಬಗ್ಗಿ ನೋಡಿಕೊಂಡು ಹಾಗೇ ವಾಪಸು ಬಂದರು.

"ಏನಮ್ಮಾ ಇದು, ಒಂದು ಕಾಲು ಸಂಜೆ, ಒಂದು ಕಾಲು ರಾತ್ರಿ?"

ಟೈಲರಮ್ಮ ನಾಲಿಗೆ ಕಚ್ಚಿಕೊಂಡಳು. ಆಮೇಲೆ ನಗು ತಡೆಯಲಾಗಲಿಲ್ಲ. ಮೇಷ್ಟ್ರೂ ನಕ್ಕರು. ಅವರಿಗೆ ಬೇರೆ ಪ್ಯಾಂಟು ಹೊಲಿದುಕೊಟ್ಟದ್ದಾಯಿತು, ಆದರೆ ಆ ಬಲ್ಬನ್ನು ಮಾತ್ರ ಅವಳು ಕ್ಷಮಿಸಲಿಲ್ಲ.

ದೀಪ ಬದಲಾಯಿಸಲು ಯಾರನ್ನೋ ಹುಡುಕಬೇಕಾಗಿಯೂ ಇರಲಿಲ್ಲ. ಅವಳ ಗಂಡನ ಅಣ್ಣನೇ ವೈರ್‌ಮನ್, ಪಕ್ಕದ ಬೀದಿಯಲ್ಲೇ ಮನೆ. ಆದರೆ ಊರಿಗೆಲ್ಲ ದೀಪ ಹಾಕಿದ ಬಾವ, ಕೆಲವು ತಿಂಗಳಿಂದ ಯಾರು ಕರೆದರೂ "ನಾಳೆ ಬರ್ತೀನಿ" ಅನ್ನುತ್ತಿದ್ದ. "ದೀಪದ ಬುಡದಲ್ಲೇ ಕತ್ತಲು ನೋಡು," ಎಂದು ಅತ್ತೆ ಹಿರಿಮಗನ ಮೇಲೆ ಗೊಣಗುತ್ತಿದ್ದರು.

ಕೊನೆಗೆ ಟೈಲರಮ್ಮ ಕಪ್ಪು ದಾರದ ಉಂಡೆ ಒಂದು, ಕಡುನೀಲಿ ಉಂಡೆ ಒಂದು ಚೀಲಕ್ಕೆ ಹಾಕಿಕೊಂಡು ತಾನೇ ದೀಪದಂಗಡಿಗೆ ಹೋದಳು.

"ಎಷ್ಟು ವಾಟ್ ಬೇಕಮ್ಮಾ?" ಅಂದ ಅಂಗಡಿಯವನು.

"ವಾಟು ಗೀಟು ನಂಗೆ ಗೊತ್ತಿಲ್ಲಪ್ಪ. ಇವೆರಡ್ರಲ್ಲಿ ಕಪ್ಪು ಯಾವ್ದು, ನೀಲಿ ಯಾವ್ದು ಅಂತ ಕಾಣೋ ಬೆಳಕು ಕೊಡು."

ಅಂಗಡಿಯವನಿಗೆ ಇದು ಹೊಸ ಥರದ ಗಿರಾಕಿ. ಒಂದೊಂದೇ ಬಲ್ಬು ಉರಿಸಿ ತೋರಿಸಿದ. ಮೊದಲನೆಯದು ಕಣ್ಣು ಕುಕ್ಕಿತು. ಉಂಡೆಗಳು ಮಾತ್ರ ಎರಡೂ ಒಂದೇ ಬೂದಿ ಬಣ್ಣ. ಹಳದಿ ಬಲ್ಬಿನಡಿ ನೀಲಿ ಇನ್ನಷ್ಟು ಕಪ್ಪಗಾಯಿತು.

"ವಾಟ್ ಅಂದ್ರೆ ಬಲ್ಬು ತಿನ್ನೋದು, ಲ್ಯೂಮೆನ್ ಅಂದ್ರೆ ಅದು ಕೊಡೋ ಬೆಳಕು," ಎಂದು ಅವನು ಡಬ್ಬಿ ತಿರುಗಿಸಿ ತೋರಿಸಿದ. "ಹಳೇ ಬಲ್ಬು ತಿಂದಿದ್ದನ್ನೆಲ್ಲ ಬಿಸಿ ಮಾಡಿ ಕಳೀತಿತ್ತು. ಈ ಎಲ್‌ಇಡಿ ಕಮ್ಮಿ ತಿಂದು ಜಾಸ್ತಿ ದುಡಿಯುತ್ತೆ."

"ಹಾಗಾದ್ರೆ ನಮ್ಮನೆಯವ್ರನ್ನೂ ಕರ್ಕೊಂಡು ಬರ್ತೀನಿ. ಬದಲಾಯಿಸಿ ಕೊಡ್ತೀಯಾ?"

ಅಂಗಡಿಯವನು ನಗುತ್ತಲೇ ಒಳಗಿನ ಕಪಾಟಿನಿಂದ ಇನ್ನೊಂದು ಡಬ್ಬಿ ತಂದ. ಅದರ ಮೇಲೆ ಬಣ್ಣ ತೋರಿಸುವ ಅಂಕಿ ಅಂತಲೇ ಒಂದಿತ್ತು; ಅದು ನೂರಕ್ಕೆ ಹತ್ತಿರವಾದಷ್ಟೂ ಬಣ್ಣಗಳು ಬಿಸಿಲಲ್ಲಿ ಕಂಡಂತೆಯೇ ಕಾಣುತ್ತವಂತೆ. ಅದನ್ನು ಉರಿಸಿದ್ದೇ ತಡ, ನೀಲಿ ಉಂಡೆ ತಾನು ನೀಲಿ ಎಂದು ಒಪ್ಪಿಕೊಂಡಿತು. ಅದಕ್ಕೊಪ್ಪುವ ಉದ್ದನೆಯ ಫಿಟಿಂಗನ್ನೂ ಕೊಂಡು, ಟೈಲರಮ್ಮ ಬಾವನಿಗೆ ಹೇಳಿಕಳಿಸಿದಳು: "ದೀಪ ಬಂದಾಗಿದೆ, ನೀವು ಬರೋದೊಂದೇ ಬಾಕಿ."

ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಬಾವ ಭಾನುವಾರ ಬೆಳಿಗ್ಗೆ ಬಂದ. ಕರೆಂಟಿರುವ ಪ್ಲಗ್ಗಿಗೆ ಇಟ್ಟು ಟೆಸ್ಟರ್ ಸರಿಯಿದೆಯೇ ಎಂದು ನೋಡಿದ, ಮೇನ್ ಆಫ್ ಮಾಡಿದ, ಏಣಿ ಹತ್ತಿದ. ಬಲಗೈ ಎತ್ತಿದ. ಕೈ ಭುಜದವರೆಗೆ ಬಂದು ನಿಂತಿತು. ಬೇಕಿಲ್ಲದಿದ್ದರೂ ಜೇಬಿನಲ್ಲಿ ಸ್ಕ್ರೂಡ್ರೈವರ್ ಹುಡುಕಿದ, ಮೈ ತಿರುಗಿಸಿ ಎಡಗೈ ಚಾಚಿದ, ಮತ್ತೆ ಬಲಗೈ ಎತ್ತಲು ಹೋಗಿ ಹಲ್ಲು ಕಚ್ಚಿದ. ಏಣಿ ಹಿಡಿದು ನಿಂತಿದ್ದ ಟೈಲರಮ್ಮ ದಿನಾ ಹತ್ತು ಜನರ ತೋಳು ಎತ್ತಿಸಿ ಅಳತೆ ತೆಗೆಯುವವಳು. ಅವಳಿಗೆ ಬೇರೆ ಹೇಳಬೇಕೇ?

"ಬಾವಾ, ಇಳೀರಿ. ಕೈ ಮೇಲೆ ಬರ್ತಿಲ್ಲ ಅಲ್ವಾ?"

ಬಾವ ಕೆಳಗಿಳಿದು ಏಣಿಯ ಮೆಟ್ಟಿಲ ಮೇಲೇ ಕೂತುಬಿಟ್ಟ. "ಭುಜ ಹಿಡ್ಕೊಂಡ್ಬಿಟ್ಟಿದೆ ಕಣಮ್ಮ. ಸೂರಿಗೆ ಕೈ ಏರದ ವೈರ್‌ಮನ್ನನ್ನ ಯಾರು ಕರೀತಾರೆ ಹೇಳು? ಅದಕ್ಕೇ ಎಲ್ರಿಗೂ ನಾಳೆ ನಾಳೆ ಅಂತಿದ್ದೆ."

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಇದು ಕೇಳಿಸಿತು. "ಹೆತ್ತವಳಿಗೂ ಹೇಳ್ಬಾರ್ದೇನೋ? ನಾನಿಲ್ಲಿ ನಿನ್ನ ಸೋಮಾರಿ ಅಂತ ಬೈಕೊಂಡು ಕೂತಿದ್ದೆ!" ಅನ್ನುತ್ತ ಬಂದು ಮಗನ ಭುಜ ನೇವರಿಸತೊಡಗಿದರು. ತಲೆ ನರೆತ ಮಗ ಚಿಕ್ಕ ಹುಡುಗನಂತೆ ಭುಜ ಒಡ್ಡಿಕೊಂಡು ಕೂತ.

ಟೈಲರಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡು ಏಣಿ ಹತ್ತಿದಳು. "ಕೈ ನಂದು, ತಲೆ ನಿಮ್ದು. ಹೇಳಿ, ಏನ್ಮಾಡ್ಲಿ?"

"ಮೇನ್ ಆಫ್ ಆಗಿದೆ ಅಂತ ನಂಬಬೇಡ. ಪ್ರತಿ ವೈರ್‌ಗೂ ಟೆಸ್ಟರ್ ಇಡು." ಬಾವನ ದನಿಗೆ ಮೆಲ್ಲಗೆ ಜೀವ ಬಂತು. "ಹಾಂ. ಹಳೇ ಜಾಗದಲ್ಲೇ ಹಾಕ್ಬೇಡ. ದೀಪ ನಿನ್ನ ಬೆನ್ನ ಹಿಂದಿತ್ತು, ಇಷ್ಟು ದಿನ ನಿನ್ನ ನೆರಳನ್ನೇ ಹೊಲೀತಿದ್ದೆ. ಮೇಜಿನ ಮುಂದಕ್ಕೆ, ಎಡಗಡೆಗೆ ತಗೊ. ವೈರ್ ತುದಿಯ ತಾಮ್ರ ಹೊರಗೆ ಕಾಣ್ಬಾರ್ದು... ಸೂಜಿಗೆ ಪೋಣಿಸೋ ಮುಂಚೆ ದಾರ ಹೊಸೀತೀಯಲ್ಲ, ಹಾಗೆ ಹೊಸಿ."

"ಅದನ್ನ ನಂಗೆ ಹೇಳ್ಕೊಡ್ಬೇಕಾ?"

ಒಂದು ತಿರುಪು ಕೈಜಾರಿ ಅತ್ತೆಯ ಕಾಫಿ ಲೋಟಕ್ಕೆ ಬಿತ್ತು. ಫಿಟಿಂಗ್ ಮೊದಲ ಸಲ ಸೊಟ್ಟಗೆ ಕೂತು, ಬಿಚ್ಚಿ ಮತ್ತೆ ಕೂರಿಸಬೇಕಾಯಿತು. ಆದರೂ ಮಧ್ಯಾಹ್ನದ ಊಟಕ್ಕೆ ಮುಂಚೆ ದೀಪ ಹತ್ತಿತು. ಮೇಜಿನ ಮೇಲಿನ ಸೀಮೆಸುಣ್ಣದ ಗೆರೆಗಳೆಲ್ಲ ಎದ್ದು ಕಂಡವು. ಗೂಟಕ್ಕೆ ನೇತುಹಾಕಿದ್ದ ಗಂಡನ ಬಿಳಿ ಅಂಗಿ ಬಿಳಿಯಲ್ಲವೆಂಬುದೂ ಕಂಡಿತು.

"ತೊಳ್ದಿದೀನಿ ಅಂದ್ರಲ್ಲ?" ಎಂದಳು ಟೈಲರಮ್ಮ, ಆಗತಾನೇ ಒಳಬಂದ ಗಂಡನಿಗೆ. ಅವನು ಅಂಗಿ ಕಿತ್ತುಕೊಂಡು ಬಚ್ಚಲಿಗೆ ನಡೆದ.

ಅತ್ತೆ ಮಾತ್ರ ತಮ್ಮ ಕೋಣೆಗೆ ಆ ಬೆಳಕು ಬೇಡವೆಂದರು. "ಅದ್ರಲ್ಲಿ ನಾನು ಮುದುಕಿ ಥರ ಕಾಣ್ತೀನಿ." ಅವರಿಗೆ ಹಳದಿ ಬೆಳಕಿನ ಸಣ್ಣ ಎಲ್‌ಇಡಿ ತಂದುಹಾಕಿದ್ದೂ ಟೈಲರಮ್ಮನೇ.

ಮರುದಿನವೇ ಅತ್ತೆ ಮಗನನ್ನು ಭುಜದ ವ್ಯಾಯಾಮ ಹೇಳಿಕೊಡುವವರ ಬಳಿಗೆ ಎಳೆದೊಯ್ದರು. ಈ ನಡುವೆ ಬಾವ "ನಾಳೆ" ಎಂದು ಮುಂದೂಡಿದ್ದ ಮನೆಗಳಿಗೆಲ್ಲ ಅವನೂ ಟೈಲರಮ್ಮನೂ ಒಟ್ಟಿಗೆ ಹೋಗತೊಡಗಿದರು. ಅವನು ಕೆಳಗೆ ನಿಂತು ಹೇಳುವುದು, ಅವಳು ಮೇಲೆ ನಿಂತು ಮಾಡುವುದು. ಯಾವ ಕೋಣೆಗೆ ಎಂಥ ಬಲ್ಬು ಎಂಬುದರಲ್ಲಿ ಮಾತ್ರ ಅವಳ ಮಾತೇ ಕೊನೆಯದು.

ಈಗ ಬಾವನ ಕೈ ಕಿವಿ ದಾಟಿ ಮೇಲೇರುತ್ತದೆ, ತಲೆ ತಾನೇ ಬಾಚಿಕೊಳ್ಳುತ್ತಾನೆ. ಮೊನ್ನೆ ಗ್ರಂಥಾಲಯದ ಓದುವ ಕೋಣೆಯಲ್ಲಿ ಹೊಸ ದೀಪ ಹಾಕುವಾಗ, "ಇನ್ನು ಏಣಿ ನಂಗೆ ಬಿಟ್ಕೊಡಮ್ಮ," ಎಂದು ಕೇಳಿದನಂತೆ.

"ಗಟ್ಟಿಯಾಗಿ ಹಿಡ್ಕೊಳ್ಳಿ ಬಾವಾ," ಎಂದು ಟೈಲರಮ್ಮ ಇನ್ನೊಂದು ಮೆಟ್ಟಿಲು ಹತ್ತಿದಳು.